ಲಿನಕ್ಸ್‌ನಲ್ಲಿ ಹೊಸದಾಗಿ ಹಾಕಿದ ತಂತ್ರಾಂಶ ತೆರೆಯುತ್ತಿಲ್ಲವೇ? ತೆಗೆದು ಮತ್ತೆ ಹಾಕುವ ಮೊದಲು ಇದನ್ನು ಓದಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆಮೇಲೆ ಬನಹಟ್ಟಿಯಲ್ಲಿರುವ ನಮ್ಮ ಕಾಕಾ ಅವರ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಕೊಟ್ಟೆ. ಸೀರೆಯ ಅಂಚಿನ ನಕ್ಷೆ ಬಿಡಿಸುವುದು ಅವರ ಕೆಲಸ. ವಾರದೊಳಗೆ ಫೋನ್ ಬಂತು: "ನೋಡವಾ, ಚಿತ್ರಾ ತಗಿಯೂ ಸಾಫ್ಟ್‌ವೇರ್ ಮೂರ ಸಲ ತಗದ ಹಾಕೀನಿ. ಒತ್ತಿದ್ರ ಒಂದ ಕ್ಷಣ ಗುಂಡಗ ತಿರಗತೈತಿ, ಆಮ್ಯಾಲ ಏನೂ ಇಲ್ಲ. ಓಪನ್ನ ಆಗವಲ್ದು."

ಲಿನಕ್ಸ್‌ಗೆ ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಹೇಳುವ ಮಾತಿದು. ಹಾಕುವಾಗ ಯಾವ ದೋಷವೂ ಕಾಣುವುದಿಲ್ಲ. ಐಕಾನ್ ಒತ್ತಿದರೆ ಕಿಟಕಿ ತೆರೆಯುವುದಿಲ್ಲ, ಏಕೆಂದೂ ಹೇಳುವುದಿಲ್ಲ. ಆಗ ಹೆಚ್ಚಿನವರು ಮಾಡುವುದು ಕಾಕಾ ಮಾಡಿದ್ದನ್ನೇ: ತೆಗೆದು ಮತ್ತೆ ಹಾಕುವುದು. ಅದರಿಂದಲೂ ಆಗದಿದ್ದರೆ ಇಡೀ ಲಿನಕ್ಸ್ ಅನ್ನೇ ಅಳಿಸಿ ಮತ್ತೆ ಹಾಕುವುದು. ಹಾಗೆ ಅಳಿಸುವಾಗ ವರ್ಷಗಟ್ಟಲೆ ಕೂಡಿಟ್ಟ ಫೋಟೊ, ಲೆಕ್ಕ, ನಕ್ಷೆಗಳನ್ನೂ ಕಳೆದುಕೊಂಡವರಿದ್ದಾರೆ.

ಮಗ್ಗದಲ್ಲಿ ಹಾಸಿನ ಒಂದು ಎಳೆ ಹರಿದರೆ ಯಾರೂ ಮಗ್ಗ ಬಿಚ್ಚಿಡುವುದಿಲ್ಲ. ಹರಿದ ಎಳೆ ಯಾವುದೆಂದು ಹುಡುಕಿ ಗಂಟು ಹಾಕುತ್ತಾರೆ. ಇಲ್ಲಿಯೂ ಮೊದಲ ಕೆಲಸ ಹುಡುಕುವುದೇ. ಸಮಾಧಾನದ ಸಂಗತಿಯೆಂದರೆ, ತೆರೆಯದ ತಂತ್ರಾಂಶ ಬಹುತೇಕ ಸಲ ತಾನು ಏಕೆ ತೆರೆಯಲಿಲ್ಲ ಎಂಬುದನ್ನು ಬರೆದೇ ಹೋಗಿರುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದಿಲ್ಲ, ಅಷ್ಟೇ.

ಮತ್ತೆ ಹಾಕಿದರೆ ಏಕೆ ಸರಿಹೋಗುವುದಿಲ್ಲ?

ಲಿನಕ್ಸ್‌ನಲ್ಲಿ ಒಂದು ತಂತ್ರಾಂಶ ಎಂದರೆ ಒಂದೇ ಗಂಟಲ್ಲ, ಅದು ಮೂರು ಕಡೆ ಹರಡಿಕೊಂಡಿರುತ್ತದೆ. ಅದರ ಸ್ವಂತ ಫೈಲ್‌ಗಳು ವ್ಯವಸ್ಥೆಯ ಫೋಲ್ಡರ್‌ಗಳಲ್ಲಿ ಕೂರುತ್ತವೆ. ಅದಕ್ಕೆ ಬೇಕಾದ ಸಾಮಾನ್ಯ ಸಲಕರಣೆಗಳು, ಅಂದರೆ ಲೈಬ್ರರಿಗಳು, ಹತ್ತಾರು ತಂತ್ರಾಂಶಗಳು ಹಂಚಿಕೊಂಡು ಬಳಸುವ ಬೇರೆ ಪ್ಯಾಕೇಜ್‌ಗಳಾಗಿರುತ್ತವೆ. ನಿಮ್ಮ ಆಯ್ಕೆ, ಸೆಟ್ಟಿಂಗ್‌ಗಳು ನಿಮ್ಮ ಹೋಮ್ ಫೋಲ್ಡರ್‌ನೊಳಗಿನ ಅಡಗಿದ ಫೋಲ್ಡರ್‌ಗಳಲ್ಲಿ ಇರುತ್ತವೆ.

ತೆಗೆದು ಮತ್ತೆ ಹಾಕಿದಾಗ ಬದಲಾಗುವುದು ಮೊದಲನೆಯದು ಮಾತ್ರ. ಲೈಬ್ರರಿ ಇಲ್ಲದಿದ್ದರೆ ಎರಡನೆಯ ಸಲವೂ ಇರುವುದಿಲ್ಲ. ಸೆಟ್ಟಿಂಗ್ ಫೈಲ್ ಕೆಟ್ಟಿದ್ದರೆ ಹೊಸದಾಗಿ ಹಾಕಿದ ತಂತ್ರಾಂಶವೂ ಅದೇ ಕೆಟ್ಟ ಫೈಲ್ ಓದಿ ಅಲ್ಲೇ ಬೀಳುತ್ತದೆ. ಪ್ಯಾಕೇಜ್ ಅನ್ನು "ಪರ್ಜ್" ಮಾಡಿದರೆ, ಅಂದರೆ ಬೇರುಸಹಿತ ತೆಗೆದರೆ ವ್ಯವಸ್ಥೆಯ ಕಡೆಯ ಸೆಟ್ಟಿಂಗ್‌ಗಳು ಹೋಗುತ್ತವೆ. ಆಗಲೂ ನಿಮ್ಮ ಹೋಮ್ ಫೋಲ್ಡರ್ ಅನ್ನು ಅದು ಮುಟ್ಟುವುದಿಲ್ಲ. ಇದು ದೋಷವಲ್ಲ, ನಿಮ್ಮ ದತ್ತಾಂಶ ಅಳಿಯದಿರಲೆಂದು ಬೇಕೆಂದೇ ಮಾಡಿದ ವ್ಯವಸ್ಥೆ.

ಮತ್ತೆ ಹಾಕಿದರೆ ನಿಜಕ್ಕೂ ಉಪಯೋಗವಾಗುವುದು ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದಾಗ ಅಥವಾ ಫೈಲ್ ಕೆಟ್ಟು ಬಂದಿದ್ದಾಗ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಕರೆಂಟ್. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಪ್ಯಾಕೇಜ್ ಹಾಕುತ್ತಿರುವಾಗಲೇ ಕರೆಂಟ್ ಹೋದರೆ ಅದು ಅರ್ಧ ಹಾಕಿದ ಸ್ಥಿತಿಯಲ್ಲಿ ನಿಲ್ಲುತ್ತದೆ, ಮುಂದೆ ಬೇರೆ ಯಾವುದನ್ನೂ ಹಾಕಲು ಬಿಡುವುದಿಲ್ಲ. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಇದಕ್ಕೆ ಮದ್ದು ಟರ್ಮಿನಲ್‌ನಲ್ಲಿ "ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ" ಎಂಬ ಆಜ್ಞೆ. ಅವಲಂಬನೆಗಳು ಬಾಕಿ ಉಳಿದಿದ್ದರೆ ಅದರ ನಂತರ "ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್". (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಮಾಡಬೇಕು. ಲಿನಕ್ಸ್‌ಗೆ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ. ಗೆರೆ, ಜಾಗಗಳೂ ಹೀಗೆಯೇ ಇರಬೇಕು.)

ತಂತ್ರಾಂಶ ಬರೆದಿಟ್ಟ ಕಾರಣ ಎಲ್ಲಿದೆ?

ಪ್ರತಿ ತಂತ್ರಾಂಶಕ್ಕೂ ದೂರು ಹೇಳಿಕೊಳ್ಳಲು ಒಂದು ದಾರಿ ಇರುತ್ತದೆ. ಟರ್ಮಿನಲ್‌ನಿಂದ ಅದನ್ನು ಶುರುಮಾಡಿದರೆ ಆ ದೂರು ನಿಮ್ಮ ಕಣ್ಣೆದುರೇ ಬೀಳುತ್ತದೆ. ಐಕಾನ್ ಒತ್ತಿ ಶುರುಮಾಡಿದರೆ ಅದು ವ್ಯವಸ್ಥೆಯ ದಾಖಲೆ ಪುಸ್ತಕಕ್ಕೆ ಹೋಗುತ್ತದೆ ಅಥವಾ ಎಲ್ಲಿಗೂ ಹೋಗದೆ ಮಾಯವಾಗುತ್ತದೆ. "ಏನೂ ಹೇಳದೆ ಮುಚ್ಚಿಹೋಯಿತು" ಎಂದು ನಮಗೆ ಅನ್ನಿಸುವುದು ಇದರಿಂದ.

ಹಾಗಾಗಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ ಟರ್ಮಿನಲ್ ತೆರೆಯಿರಿ. ತಂತ್ರಾಂಶದ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆದು ಎಂಟರ್ ಒತ್ತಿ. ಡೌನ್‌ಲೋಡ್ ಮಾಡಿದ ಒಂಟಿ ಫೈಲ್ ಆಗಿದ್ದರೆ ಅದನ್ನು ಮೌಸ್‌ನಿಂದ ಎಳೆದು ಟರ್ಮಿನಲ್ ಕಿಟಕಿಯೊಳಗೆ ಬಿಟ್ಟರೆ ಪೂರ್ತಿ ವಿಳಾಸ ತಾನಾಗಿ ಬಂದು ಕೂರುತ್ತದೆ. ಎಂಟರ್ ಒತ್ತಿದರೆ ಸಾಕು. ಫ್ಲಾಟ್‌ಪ್ಯಾಕ್ ಮೂಲಕ ಹಾಕಿದ್ದಾದರೆ "ಫ್ಲಾಟ್‌ಪ್ಯಾಕ್ ರನ್" ಎಂದು ಬರೆದು ಅದರ ಉದ್ದ ಹೆಸರು ಕೊಡಬೇಕು. ಆ ಹೆಸರು "ಫ್ಲಾಟ್‌ಪ್ಯಾಕ್ ಲಿಸ್ಟ್" ಆಜ್ಞೆಯಲ್ಲಿ ಸಿಗುತ್ತದೆ.

ಟರ್ಮಿನಲ್ ಎಂದರೆ ಹೆದರುವವರಿಗೆ ಇನ್ನೊಂದು ದಾರಿ ಇದೆ. ಉಬುಂಟುವಿನ ಮೆನುವಿನಲ್ಲಿ "ಲಾಗ್ಸ್" ಎಂಬ ಅಪ್ಲಿಕೇಷನ್ ಇರುತ್ತದೆ, ಇಲ್ಲದಿದ್ದರೆ ಹಾಕಿಕೊಳ್ಳಬಹುದು. ಅದನ್ನು ತೆರೆದಿಟ್ಟು ಐಕಾನ್ ಒತ್ತಿ, ಆ ಕ್ಷಣಕ್ಕೆ ಬಂದ ಸಾಲುಗಳನ್ನು ನೋಡಿ.

ಬರುವ ಸಂದೇಶ ಇಂಗ್ಲಿಷ್‌ನಲ್ಲಿರುತ್ತದೆ, ಕೆಲವೊಮ್ಮೆ ಇಪ್ಪತ್ತು ಸಾಲು ಇರುತ್ತದೆ. ಎಲ್ಲವನ್ನೂ ಅರ್ಥ ಮಾಡಿಕೊಳ್ಳಬೇಕಿಲ್ಲ. "ವಾರ್ನಿಂಗ್" ಎಂದು ಶುರುವಾಗುವ ಸಾಲುಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ಚೆನ್ನಾಗಿ ನಡೆಯುವ ತಂತ್ರಾಂಶಗಳೂ ಅವನ್ನು ಧಾರಾಳವಾಗಿ ಉದುರಿಸುತ್ತವೆ. ಸಾಮಾನ್ಯವಾಗಿ ಕೊನೆಯ ಎರಡು-ಮೂರು ಸಾಲುಗಳಲ್ಲಿ ವಿಷಯ ಇರುತ್ತದೆ.

ಆ ಸಾಲುಗಳು ಹೇಳುವುದೇನು?

"ಕಮಾಂಡ್ ನಾಟ್ ಫೌಂಡ್" ಎಂದರೆ ಆ ಹೆಸರಿನ ಆಜ್ಞೆ ವ್ಯವಸ್ಥೆಗೆ ಸಿಗಲಿಲ್ಲ ಎಂದು. ತಂತ್ರಾಂಶ ಇಲ್ಲವೆಂದೇ ಅಲ್ಲ. ಪ್ಯಾಕೇಜ್‌ನ ಹೆಸರು ಒಂದು, ಆಜ್ಞೆಯ ಹೆಸರು ಇನ್ನೊಂದು ಇರಬಹುದು: ವಿಷುವಲ್ ಸ್ಟುಡಿಯೊ ಕೋಡ್‌ನ ಆಜ್ಞೆ ಬರೀ "ಕೋಡ್". ಪ್ಯಾಕೇಜ್ ಎಲ್ಲೆಲ್ಲಿ ಏನೇನು ಇಟ್ಟಿದೆ ಎಂಬುದನ್ನು "ಡಿಪಿಕೆಜಿ -ಎಲ್" ತೋರಿಸುತ್ತದೆ (ಇಲ್ಲಿ ಮಾತ್ರ ಎಲ್ ದೊಡ್ಡಕ್ಷರ), ಅದರ ಮುಂದೆ ಪ್ಯಾಕೇಜ್‌ನ ಹೆಸರು ಬರೆಯಬೇಕು. ಆ ಪಟ್ಟಿಯಲ್ಲಿ "ಬಿನ್" ಫೋಲ್ಡರ್‌ನೊಳಗಿರುವುದೇ ಆಜ್ಞೆ.

"ಪರ್ಮಿಷನ್ ಡಿನೈಡ್" ಬಂದರೆ ಫೈಲ್‌ಗೆ ಓಡುವ ಅನುಮತಿ ಇಲ್ಲ. ಅಂತರ್ಜಾಲದಿಂದ ಇಳಿಸಿದ ಫೈಲ್ ತಾನಾಗಿ ಓಡಬಾರದು ಎಂಬುದು ಲಿನಕ್ಸ್‌ನ ಮುನ್ನೆಚ್ಚರಿಕೆ. ಫೈಲ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋಗಿ, ಪ್ರೋಗ್ರಾಂ ಆಗಿ ಓಡಿಸಲು ಅನುಮತಿ ಕೊಡುವ ಆಯ್ಕೆಯನ್ನು ಚಾಲೂ ಮಾಡಿ. ಪೆನ್‌ಡ್ರೈವ್‌ನಲ್ಲಿದ್ದ ಫೈಲ್ ಆದರೆ ಈ ಅನುಮತಿ ಅಂಟಿಕೊಳ್ಳದೇ ಇರಬಹುದು. ಹೆಚ್ಚಿನ ಪೆನ್‌ಡ್ರೈವ್‌ಗಳಲ್ಲಿರುವ ವಿಂಡೋಸ್ ಮಾದರಿಯ ಕಡತವ್ಯವಸ್ಥೆಯಲ್ಲಿ ಲಿನಕ್ಸ್‌ನ ಅನುಮತಿ ಬರೆದಿಡಲು ಜಾಗವೇ ಇಲ್ಲ. ಹೋಮ್ ಫೋಲ್ಡರ್‌ಗೆ ನಕಲು ಮಾಡಿಕೊಂಡು ಅಲ್ಲಿಂದ ಓಡಿಸಿ.

ಎಲ್ಲರನ್ನೂ ದಾರಿ ತಪ್ಪಿಸುವ ಸಂದೇಶವೆಂದರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಫೈಲ್ ಕಣ್ಣೆದುರೇ ಇದೆ, ಲಿನಕ್ಸ್ ಮಾತ್ರ ಇಲ್ಲ ಅನ್ನುತ್ತದೆ! 32 ಬಿಟ್‌ನ ತಂತ್ರಾಂಶವನ್ನು ಶುದ್ಧ 64 ಬಿಟ್ ವ್ಯವಸ್ಥೆಯಲ್ಲಿ ಓಡಿಸಲು ಹೋದಾಗ ಇದು ಬರುತ್ತದೆ. ಇಲ್ಲವಾಗಿರುವುದು ನಿಮ್ಮ ಫೈಲ್ ಅಲ್ಲ. ಅದನ್ನು ಎತ್ತಿ ನೆನಪಿಗೆ ತುಂಬಿಸಬೇಕಾದ ಲೋಡರ್ ಎಂಬ ಸಣ್ಣ ಪ್ರೋಗ್ರಾಂ. ಅದೇ ತಂತ್ರಾಂಶದ 64 ಬಿಟ್ ಆವೃತ್ತಿ ಹುಡುಕುವುದು ಸುಲಭದ ದಾರಿ. "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬಂದರೆ ಬೇರೆ ಜಾತಿಯ ಪ್ರೊಸೆಸರ್‌ಗೆ ಮಾಡಿದ್ದನ್ನು ಇಳಿಸಿದ್ದೀರಿ. ಮಾಮೂಲಿ ಇಂಟೆಲ್, ಎಎಂಡಿ ಲ್ಯಾಪ್‌ಟಾಪ್‌ಗಳಿಗೆ ಬೇಕಾದುದು "ಎಎಂಡಿ64" ಅಥವಾ "ಎಕ್ಸ್86_64" ಎಂದಿರುವುದು. "ಎಆರ್‌ಎಂ64" ಅಥವಾ "ಆರ್ಕ್64" ಎಂದಿರುವುದು ರಾಸ್ಪ್‌ಬೆರಿ ಪೈ ತರಹದ ಯಂತ್ರಗಳಿಗೆ.

"ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್" ಎಂಬ ಸಾಲು ಲೈಬ್ರರಿ ಇಲ್ಲವೆನ್ನುತ್ತದೆ, ಅದರ ಹೆಸರನ್ನೂ ಹೇಳುತ್ತದೆ. ಒಂದೊಂದಾಗಿ ಹುಡುಕುವ ಬದಲು "ಎಲ್‌ಡಿಡಿ" ಆಜ್ಞೆಯ ಮುಂದೆ ಆ ಪ್ರೋಗ್ರಾಂನ ಪೂರ್ತಿ ವಿಳಾಸ ಕೊಟ್ಟರೆ ಬೇಕಾದ ಎಲ್ಲ ಲೈಬ್ರರಿಗಳ ಪಟ್ಟಿ ಬರುತ್ತದೆ; "ನಾಟ್ ಫೌಂಡ್" ಎಂದಿರುವವು ಹರಿದ ಎಳೆಗಳು. ಗೊತ್ತಿಲ್ಲದ ಕಡೆಯಿಂದ ಬಂದ ಫೈಲ್ ಮೇಲೆ ಮಾತ್ರ ಎಲ್‌ಡಿಡಿ ಬಳಸಬೇಡಿ, ಕೆಲವು ಸಂದರ್ಭಗಳಲ್ಲಿ ಅದು ಆ ಫೈಲನ್ನೇ ಓಡಿಸಿಬಿಡಬಹುದು.

ಲೈಬ್ರರಿ ಇದ್ದೂ ಹಳೆಯದಾಗಿದ್ದರೆ "ಗ್ಲಿಬ್‌ಸಿ" ಎಂಬ ಹೆಸರಿನ ಜೊತೆ ಒಂದು ಆವೃತ್ತಿ ಸಂಖ್ಯೆ ಬಂದು "ನಾಟ್ ಫೌಂಡ್" ಎಂದಿರುತ್ತದೆ. ಗ್ಲಿಬ್‌ಸಿ ಲಿನಕ್ಸ್‌ನ ಅಡಿಪಾಯದ ಲೈಬ್ರರಿ. ಉಬುಂಟು 20.04ರಲ್ಲಿ ಅದರ 2.31, 22.04ರಲ್ಲಿ 2.35, 24.04ರಲ್ಲಿ 2.39ನೇ ಆವೃತ್ತಿ ಇದೆ. ಹೊಸ ವ್ಯವಸ್ಥೆಯಲ್ಲಿ ಕಟ್ಟಿದ ತಂತ್ರಾಂಶ ಹಳೆಯದರಲ್ಲಿ ಓಡದಿರುವುದು ಇದರಿಂದಲೇ. ಗ್ಲಿಬ್‌ಸಿ ಒಂದನ್ನೇ ಎಲ್ಲಿಂದಲೋ ತಂದು ಮೇಲೆ ಹಾಕಲು ಖಂಡಿತ ಹೋಗಬೇಡಿ, ಇಡೀ ವ್ಯವಸ್ಥೆ ಏಳದಂತಾಗಬಹುದು. ತಂತ್ರಾಂಶದ ಹಳೆಯ ಆವೃತ್ತಿ ಅಥವಾ ಅದರ ಫ್ಲಾಟ್‌ಪ್ಯಾಕ್ ಹಾಕಿಕೊಳ್ಳಿ, ಇಲ್ಲವೇ ವ್ಯವಸ್ಥೆಯನ್ನೇ ಕ್ರಮವಾಗಿ ಮೇಲ್ದರ್ಜೆಗೇರಿಸಿ.

"ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ಬಂದರೆ ಕಾನೂನಿನ ತೊಂದರೆಯೇನಲ್ಲ. ಹಳೆಯ ಸೆಲೆರಾನ್, ಪೆಂಟಿಯಂ ಪ್ರೊಸೆಸರ್‌ಗಳಿಗೆ ಎವಿಎಕ್ಸ್ ಎಂಬ ಹೊಸ ಸೂಚನಾಗುಚ್ಛ ಗೊತ್ತಿಲ್ಲ; ಅದನ್ನು ಬಯಸುವ ತಂತ್ರಾಂಶ ಅಲ್ಲಿ ಓಡುವುದಿಲ್ಲ. ಇದಕ್ಕೆ ಸೆಟ್ಟಿಂಗ್‌ನಲ್ಲಿ ಪರಿಹಾರವಿಲ್ಲ, ಬೇರೆ ತಂತ್ರಾಂಶ ನೋಡಬೇಕು. ಬರೀ "ಕಿಲ್ಡ್" ಎಂದಿದ್ದರೆ ಬಹುತೇಕ ರ‍್ಯಾಮ್ ಸಾಲದೆ ವ್ಯವಸ್ಥೆಯೇ ಅದನ್ನು ನಿಲ್ಲಿಸಿದೆ.

ಆಪ್‌ಇಮೇಜ್ ಎಂಬ ಒಂಟಿ ಫೈಲ್

ನಮ್ಮ ಕಾಕಾ ಅವರ ತೊಂದರೆ ಇದೇ ಆಗಿತ್ತು. ಆಪ್‌ಇಮೇಜ್ ಎಂದರೆ ಬೇಕಾದುದನ್ನೆಲ್ಲ ಒಂದೇ ಫೈಲ್‌ನಲ್ಲಿ ಕಟ್ಟಿಕೊಂಡು ಬರುವ ತಂತ್ರಾಂಶ. ಹಾಕುವ ಗೋಜಿಲ್ಲ, ಇಳಿಸಿ ಓಡಿಸಿದರಾಯಿತು ಎಂದು ಹೇಳುತ್ತಾರೆ. ಆದರೆ ಆ ಗಂಟನ್ನು ಬಿಚ್ಚಿ ಓದಲು ಹೆಚ್ಚಿನ ಆಪ್‌ಇಮೇಜ್‌ಗಳಿಗೆ ಫ್ಯೂಸ್ ಎಂಬ ವ್ಯವಸ್ಥೆಯ ಎರಡನೇ ಆವೃತ್ತಿಯ ಲೈಬ್ರರಿ ಬೇಕು. 2022ರ ಏಪ್ರಿಲ್‌ನಲ್ಲಿ ಬಂದ ಉಬುಂಟು 22.04ರಿಂದ ಈಚೆಗೆ ಅದು ಮೊದಲೇ ಹಾಕಿ ಬರುವುದಿಲ್ಲ. ಓಡುವ ಅನುಮತಿ ಕೊಟ್ಟಿದ್ದರೂ ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ. ಫೋನಿನಲ್ಲೇ ಹೇಳಿ ಫೈಲನ್ನು ಟರ್ಮಿನಲ್‌ಗೆ ಎಳೆಸಿದೆ. "ಲಿಬ್‌ಫ್ಯೂಸ್ ಅಂತ ಏನೋ ಬರದೈತಿ" ಎಂದರು. ಅಷ್ಟು ಸಾಕಾಯಿತು.

22.04ರಲ್ಲಿ "ಲಿಬ್‌ಫ್ಯೂಸ್2", 24.04ರಲ್ಲಿ "ಲಿಬ್‌ಫ್ಯೂಸ್2ಟಿ64" ಎಂಬ ಪ್ಯಾಕೇಜ್ ಹಾಕಬೇಕು. ಇಲ್ಲೊಂದು ಹೊಂಡವಿದೆ. "ಫ್ಯೂಸ್" ಎಂದಷ್ಟೇ ಹೆಸರಿರುವ ಇನ್ನೊಂದು ಪ್ಯಾಕೇಜ್ ಇದೆ. 22.04ರಲ್ಲಿ ಅದನ್ನು ಹಾಕಲು ಹೋದರೆ ಫ್ಯೂಸ್3 ಅನ್ನು ತೆಗೆಯುತ್ತದೆ, ಅದರೊಂದಿಗೆ ಡೆಸ್ಕ್‌ಟಾಪ್‌ನ ಅಗತ್ಯ ಭಾಗಗಳೂ ಹೋಗಬಹುದು. ಯಾವುದೇ ಪ್ಯಾಕೇಜ್ ಹಾಕುವಾಗ "ಇವುಗಳನ್ನು ತೆಗೆಯಲಾಗುವುದು" ಎಂಬ ಪಟ್ಟಿ ಬಂದರೆ ವೈ ಒತ್ತುವ ಮುಂಚೆ ಅದನ್ನು ಓದಿ.

24.04ರಲ್ಲಿ ಇನ್ನೊಂದು ಅಡ್ಡಿ ಸೇರಿದೆ. ಭದ್ರತೆಗಾಗಿ ಅದರ ಆಪ್‌ಆರ್ಮರ್ ವ್ಯವಸ್ಥೆ, ಸಾಮಾನ್ಯ ಬಳಕೆದಾರರ ತಂತ್ರಾಂಶಗಳು ತಮಗೆ ತಾವೇ ಪ್ರತ್ಯೇಕ ಕೋಣೆ ಕಟ್ಟಿಕೊಳ್ಳುವುದನ್ನು ನಿರ್ಬಂಧಿಸಿದೆ. ಕ್ರೋಮ್‌ನ ತಿರುಳಿನ ಮೇಲೆ ಕಟ್ಟಿದ ಹಲವು ಆಪ್‌ಇಮೇಜ್‌ಗಳು ಇದರಿಂದ "ಸ್ಯಾಂಡ್‌ಬಾಕ್ಸ್" ಕುರಿತ ದೂರು ಹೇಳಿ ಬೀಳುತ್ತವೆ. "--ನೋ-ಸ್ಯಾಂಡ್‌ಬಾಕ್ಸ್" ಸೇರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ತೆರೆಯುತ್ತದೆ, ನಿಜ, ಆದರೆ ಬೇಲಿ ಕಿತ್ತು ದಾರಿ ಮಾಡಿದ ಹಾಗೆ. ಅಂತರ್ಜಾಲಕ್ಕೆ ಹೋಗುವ ತಂತ್ರಾಂಶಕ್ಕೆ ಇದು ಬೇಡ. ಅದೇ ತಂತ್ರಾಂಶದ ಡೆಬ್ ಪ್ಯಾಕೇಜ್ ಅಥವಾ ಸ್ನ್ಯಾಪ್ ಇದ್ದರೆ ಅದನ್ನು ಬಳಸುವುದು ಮೇಲು.

ಕನ್ನಡದ ಕೆಲಸಕ್ಕೆ ಹಾಕಿದವು

ಕೆಲವು ತಂತ್ರಾಂಶ ತೆರೆಯದಿರುವುದು ಕೆಟ್ಟಿದ್ದರಿಂದಲ್ಲ, ತೆರೆಯುವ ಜಾತಿಯದೇ ಅಲ್ಲ! ಹಳೆಯ ಪುಸ್ತಕ, ಪತ್ರಗಳ ಸ್ಕ್ಯಾನ್‌ನಿಂದ ಕನ್ನಡ ಅಕ್ಷರ ಎತ್ತಿಕೊಡುವ ಟೆಸರಾಕ್ಟ್ ಹಾಕಿಕೊಂಡು ಐಕಾನ್‌ಗಾಗಿ ಮೆನುವಿನಲ್ಲಿ ಹುಡುಕುವವರಿದ್ದಾರೆ. ಅದಕ್ಕೆ ಐಕಾನೂ ಇಲ್ಲ, ಕಿಟಕಿಯೂ ಇಲ್ಲ. ಟರ್ಮಿನಲ್‌ನಲ್ಲಿ ಮಾತ್ರ ನಡೆಯುತ್ತದೆ. ಕಿಟಕಿ ಬೇಕಿದ್ದರೆ ಅದರ ಮೇಲೆ ಕೂರುವ ಜಿಇಮೇಜ್‌ರೀಡರ್ ಹಾಕಬೇಕು. ಜೊತೆಗೆ ಕನ್ನಡದ ದತ್ತಾಂಶ "ಟೆಸರಾಕ್ಟ್-ಒಸಿಆರ್-ಕೆಎಎನ್" ಎಂಬ ಬೇರೆ ಪ್ಯಾಕೇಜ್‌ನಲ್ಲಿದೆ. ಅದಿಲ್ಲದೆ ಕನ್ನಡ ಓದು ಎಂದರೆ ಭಾಷೆಯನ್ನು ತುಂಬಿಸಿಕೊಳ್ಳಲಾಗಲಿಲ್ಲ ಎಂಬ ದೂರು ಬರುತ್ತದೆ.

ಕೀಬೋರ್ಡ್‌ದೂ ಇದೇ ಕಥೆ. ಕನ್ನಡ ಟೈಪ್ ಮಾಡಲು "ಐಬಸ್-ಎಂ17ಎನ್" ಹಾಕಿದ ಮೇಲೆ ಅದನ್ನು ತೆರೆಯಲು ಏನೂ ಇರುವುದಿಲ್ಲ. ಒಮ್ಮೆ ಲಾಗ್‌ಔಟ್ ಆಗಿ ಮರಳಿ ಬರಬೇಕು. ಆಮೇಲೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಇನ್‌ಪುಟ್ ಸೋರ್ಸ್‌ಗೆ ಕನ್ನಡ ಸೇರಿಸಬೇಕು. ಅಲ್ಲಿ "ಕೆಜಿಪಿ" ಎಂಬುದನ್ನು ಆರಿಸಿಕೊಂಡರೆ ಕೆ.ಪಿ. ರಾವ್ ರೂಪಿಸಿದ, ನುಡಿ ಬಳಸಿದವರಿಗೆ ಕೈಗೆ ಅಭ್ಯಾಸವಾಗಿರುವ ವಿನ್ಯಾಸವೇ ಸಿಗುತ್ತದೆ.

ನುಡಿಯನ್ನೇ ಲಿನಕ್ಸ್‌ನಲ್ಲಿ ಹಾಕಲು ಹೋಗಿ ಸೋತವರೂ ಬಹಳ. ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸ್‌ಗೆಂದು ಮಾಡಿದ್ದು. ಅದರ ಇಎಕ್ಸ್‌ಇ ಫೈಲ್ ಲಿನಕ್ಸ್‌ಗೆ ನೇರವಾಗಿ ಅರ್ಥವಾಗುವುದಿಲ್ಲ. ವೈನ್ ಎಂಬ ನಡುವಣ ತಂತ್ರಾಂಶದ ಮೂಲಕ ತೆರೆದರೂ ಅದರ ಕೀಬೋರ್ಡ್ ವೈನ್‌ನೊಳಗಿನ ಕಿಟಕಿಗಳಿಗಷ್ಟೇ ಸೀಮಿತ, ಲಿಬ್ರೆಆಫೀಸ್‌ನಲ್ಲಿ ಅದರಿಂದ ಟೈಪ್ ಆಗುವುದಿಲ್ಲ. ಕೀಬೋರ್ಡ್ ಬೇಕಿದ್ದವರಿಗೆ ಮೇಲೆ ಹೇಳಿದ ಐಬಸ್ ಸಾಕು.

ಇಂಥ ಹೊಂದಾಣಿಕೆಯನ್ನು ಒಬ್ಬೊಬ್ಬರೇ ಮಾಡಿಕೊಳ್ಳಬೇಕಾಗಿರುವುದು ನಮ್ಮಲ್ಲಿನ ಕಷ್ಟ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ತಲೆನೋವು ಕಡಿಮೆ: ಕೇರಳದ ಕೈಟ್ ಸಂಸ್ಥೆ ಉಬುಂಟುವನ್ನೇ ಆಧರಿಸಿ, ಪಠ್ಯಕ್ಕೆ ಬೇಕಾದ ತಂತ್ರಾಂಶಗಳನ್ನು ಮೊದಲೇ ಹಾಕಿ, ಶಾಲೆಗಳಿಗೆಲ್ಲ ಒಂದೇ ಲಿನಕ್ಸ್ ಕೊಡುತ್ತದೆ.

ಸಂದೇಶವೇ ಬಾರದಿದ್ದರೆ?

ಮೊದಲು ಸ್ವಲ್ಪ ಕಾಯಿರಿ. ಸ್ನ್ಯಾಪ್ ರೂಪದ ತಂತ್ರಾಂಶ ಮೊದಲ ಸಲ ತೆರೆಯುವಾಗ, ಅದರಲ್ಲೂ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ, ಬಹಳ ಹೊತ್ತು ಹಿಡಿಯುತ್ತದೆ. ತಡೆಯಲಾರದೆ ಐದು ಸಲ ಒತ್ತಿದರೆ ಐದು ಪ್ರತಿ ಒಟ್ಟಿಗೆ ಏಳಲು ಹೊರಟು ಯಂತ್ರ ಸುಸ್ತಾಗುತ್ತದೆ. ಸಿಸ್ಟಂ ಮಾನಿಟರ್ ತೆರೆದು ಆ ಹೆಸರು ಆಗಲೇ ಓಡುತ್ತಿದೆಯೇ ನೋಡಿ. ಹಳೆಯ ಪ್ರತಿ ಮರೆಯಲ್ಲಿ ಸಿಕ್ಕಿಕೊಂಡಿದ್ದರೆ ಅದನ್ನು ಮುಗಿಸಿ ಹೊಸದಾಗಿ ತೆರೆಯಿರಿ. ಫ್ಲಾಟ್‌ಪ್ಯಾಕ್ ವ್ಯವಸ್ಥೆಯನ್ನೇ ಮೊದಲ ಸಲ ಹಾಕಿದ್ದರೆ, ಯಂತ್ರವನ್ನು ಒಮ್ಮೆ ಆರಿಸಿ ಹಚ್ಚುವವರೆಗೆ ಅದರ ಐಕಾನ್‌ಗಳು ಮೆನುವಿಗೆ ಬರುವುದಿಲ್ಲ.

ಡಿಸ್ಕ್ ತುಂಬಿದೆಯೇ ಎಂದೂ ನೋಡಿ. ಬರೆಯಲು ಜಾಗವಿಲ್ಲದಿದ್ದರೆ ಹಲವು ತಂತ್ರಾಂಶಗಳು ತೆಪ್ಪಗೆ ಮುಚ್ಚಿಕೊಳ್ಳುತ್ತವೆ.

ಇದ್ಯಾವುದೂ ಅಲ್ಲವಾದರೆ ನನಗೆ ಅತಿ ಇಷ್ಟದ ಪರೀಕ್ಷೆ: ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ಬಳಕೆದಾರ ಖಾತೆ ಮಾಡಿ, ಅದರಿಂದ ಒಳಬಂದು ಅದೇ ತಂತ್ರಾಂಶ ತೆರೆದು ನೋಡುವುದು. ಅಲ್ಲಿ ತೆರೆದರೆ ತಂತ್ರಾಂಶ ಸರಿಯಿದೆ, ಕೆಟ್ಟಿರುವುದು ನಿಮ್ಮ ಹೋಮ್‌ನಲ್ಲಿರುವ ಅದರ ಸೆಟ್ಟಿಂಗ್. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ, ".ಕಾನ್ಫಿಗ್" ಒಳಗೆ ಆ ತಂತ್ರಾಂಶದ ಹೆಸರಿನ ಫೋಲ್ಡರ್ ಇರುತ್ತದೆ. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಮುಂದಿನ ಸಲ ತೆರೆದಾಗ ಅದು ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ, ಹಳೆಯದರಿಂದ ಏನಾದರೂ ಬೇಕಾದರೆ ಉಳಿದಿರುತ್ತದೆ. ಹೊಸ ಖಾತೆಯಲ್ಲೂ ತೆರೆಯದಿದ್ದರೆ ತೊಂದರೆ ವ್ಯವಸ್ಥೆಯ ಕಡೆಯದು.

ಈ ಹಂತದಲ್ಲಿ ಬೇಸತ್ತು ಮಾಡುವ ಎರಡು ತಪ್ಪುಗಳಿವೆ. ಒಂದು, ಕಿಟಕಿಯಿರುವ ತಂತ್ರಾಂಶವನ್ನು ಸುಡೊ ಸೇರಿಸಿ ತೆರೆಯುವುದು. ಆಗ ಅದರ ಸೆಟ್ಟಿಂಗ್ ಫೈಲ್‌ಗಳು ರೂಟ್‌ನ ಹೆಸರಿಗೆ ಬರೆದುಹೋಗಿ, ಮುಂದೆ ನಿಮ್ಮ ಸ್ವಂತ ಖಾತೆಯಿಂದ ಎಂದೂ ತೆರೆಯದಂತಾಗಬಹುದು. ಇನ್ನೊಂದು, ಇಡೀ ಫೋಲ್ಡರ್‌ಗೆ "777" ಅನುಮತಿ ಕೊಡುವುದು. ಮನೆಯ ಒಂದು ಬಾಗಿಲು ಬಿಗಿಯಾಗಿದೆ ಎಂದು ಎಲ್ಲ ಬಾಗಿಲುಗಳ ಚಿಲಕ ಕೀಳುವ ಕೆಲಸವದು.

ಬೇರೆಯವರ ಸಹಾಯ ಕೇಳುವುದಾದರೆ "ಓಪನ್ ಆಗುತ್ತಿಲ್ಲ" ಎಂಬ ಒಂದೇ ಸಾಲು ಕಳಿಸಬೇಡಿ. ಯಾವ ಲಿನಕ್ಸ್, ಅದರ ಎಷ್ಟನೇ ಆವೃತ್ತಿ. ತಂತ್ರಾಂಶವನ್ನು ಎಲ್ಲಿಂದ, ಯಾವ ರೂಪದಲ್ಲಿ ಹಾಕಿದಿರಿ. ಟರ್ಮಿನಲ್‌ನಲ್ಲಿ ಬಂದ ಸಂದೇಶ ಏನು ಎಂಬುದನ್ನು ಬರೆಯಿರಿ. ಸಂದೇಶವನ್ನು ಮೊಬೈಲಿನಲ್ಲಿ ಫೋಟೊ ಹೊಡೆಯುವ ಬದಲು ಅಕ್ಷರಗಳನ್ನೇ ನಕಲು ಮಾಡಿ ಹಾಕಿದರೆ ಹುಡುಕುವವರಿಗೆ ಅನುಕೂಲ. ಟರ್ಮಿನಲ್‌ನಲ್ಲಿ ನಕಲು ಮಾಡಲು ಕಂಟ್ರೋಲ್, ಶಿಫ್ಟ್, ಸಿ ಒತ್ತಬೇಕು. ಶಿಫ್ಟ್ ಬಿಟ್ಟು ಒತ್ತಿದರೆ ಓಡುತ್ತಿರುವುದು ನಿಂತುಹೋಗುತ್ತದೆ.